ಒಂದೇ ಸಾಲಿನಲ್ಲಿ ಹಲವು ವೇರಿಯೇಬಲ್ ಬದಲಿಸುವುದು: ಮ.ಸಾ.ಅ. ಲೆಕ್ಕ ಎಲ್ಲಿ ತಪ್ಪುತ್ತಿದೆ?

#1 ಹೊಸಗಣಕ

ಪೈಥಾನ್ 3ರಲ್ಲಿ ಯೂಕ್ಲಿಡ್ ವಿಧಾನದಿಂದ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಹುಡುಕುವ ಲೂಪ್ ಇದು. ಹೊಸ ಸೊನ್ನೆ ಆಗುವವರೆಗೆ ಈ ಮೂರು ಸಾಲು ತಿರುಗುತ್ತವೆ:

ಭಾಗಲಬ್ಧ = ಹಳೆ // ಹೊಸ
ಹಳೆ = ಹೊಸ
ಹೊಸ = ಹಳೆ - ಭಾಗಲಬ್ಧ * ಹೊಸ

ಶುರುವಿನಲ್ಲಿ ಹಳೆ 240, ಹೊಸ 46. ಉತ್ತರ 2 ಬರಬೇಕು, -368 ಬರುತ್ತಿದೆ. ಎರರ್ ಏನೂ ಇಲ್ಲ, ಲೂಪ್ ಕೂಡ ನೆಟ್ಟಗೆ ನಿಲ್ಲುತ್ತದೆ. ಸೂತ್ರವನ್ನು ಮೂರು ಸಲ ನೋಡಿದರೂ ಸರಿಯಾಗೇ ಕಾಣುತ್ತಿದೆ.

#2 ಬೈಟೂ_ಕಾಫಿ

ಸೂತ್ರ ಸರಿ, ಸಾಲುಗಳ ಕ್ರಮ ತಪ್ಪು. ಮೊದಲ ಸುತ್ತನ್ನು ಕಾಗದದ ಮೇಲೆ ಬಿಡಿಸಿ. ಭಾಗಲಬ್ಧ 5. ಎರಡನೇ ಸಾಲಿಗೆ ಹಳೆ 46 ಆಯಿತು. ಅಲ್ಲಿಗೆ 240 ಎಲ್ಲೂ ಉಳಿಯಲಿಲ್ಲ. ಮೂರನೇ ಸಾಲಿಗೆ 240 - 5 × 46 = 10 ಬೇಕಿತ್ತು, ನಿಮಗೆ ಸಿಗುವುದು 46 - 5 × 46 = -184. ಮುಂದೆ ಹೊಸ -184, -368, -368, 0 ಎಂದು ಸಾಗಿ, ನಿಲ್ಲುವಾಗ ಹಳೆಯಲ್ಲಿ -368 ಉಳಿದಿರುತ್ತದೆ. ಲೂಪ್ ನಿಂತಿದ್ದು ಅದೃಷ್ಟಕ್ಕೆ ಅಷ್ಟೇ.

ಎರಡನ್ನೂ ಒಟ್ಟಿಗೆ ಬದಲಿಸಿ:

ಹಳೆ, ಹೊಸ = ಹೊಸ, ಹಳೆ - ಭಾಗಲಬ್ಧ * ಹೊಸ

ಪೈಥಾನ್ ಮೊದಲು ಬಲಗಡೆಯ ಅಷ್ಟೂ ಲೆಕ್ಕ ಮುಗಿಸುತ್ತದೆ, ಎಡಗಡೆಯ ಹೆಸರುಗಳನ್ನು ಮುಟ್ಟುವುದು ಆಮೇಲೆ. ಹಾಗಾಗಿ ಬಲಗಡೆ ಕಾಣುವ ಹಳೆ ಇನ್ನೂ 240ರ ಹಳೆಯೇ. ಜೋಡಿಗಳು (240, 46), (46, 10), (10, 6), (6, 4), (4, 2), (2, 0) ಎಂದು ಇಳಿದು 2ಕ್ಕೆ ನಿಲ್ಲುತ್ತವೆ.

ಅಂದಹಾಗೆ, ಕನ್ನಡದ ಹೆಸರುಗಳು ಪೈಥಾನ್ 3ರಲ್ಲಿ ಹಾಗೇ ಓಡುತ್ತವೆ, ಈ ಥ್ರೆಡ್‌ನ ಪೈಥಾನ್ ಸಾಲುಗಳನ್ನು ಕಾಪಿ ಮಾಡಿ ನೋಡಬಹುದು. ಆದರೆ ಒತ್ತಕ್ಷರ ಬಿಡಿಸಲು ಕೀಬೋರ್ಡ್ ಹಾಕುವ ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಬಂದರೆ ಎರರ್ ಗ್ಯಾರಂಟಿ. 'ಬ್ಯಾಂಕ್‌ದರ' ಅಂತ ವೇರಿಯೇಬಲ್ ಇಟ್ಟರೆ ಅದೇ ಗತಿ.

#3 ಹೊಸಗಣಕ

2 ಬಂತು, ಧನ್ಯವಾದ. ಇದರ ಜೊತೆಗೆ ಸಹಗುಣಕಗಳೂ ಬೇಕು, ಅಂದರೆ 240 × ಸ + 46 × ತ = 2 ಆಗುವಂಥ ಸ, ತ: ಸ0, ಸ1 ಮತ್ತು ತ0, ತ1. ಆರನ್ನೂ ಒಂದೇ ಸಾಲಿನಲ್ಲಿ ಬರೆಯಬೇಕಾ?

#4 ತುಂಗಾತೀರ

ಬೇಡ. ಆರು ಹೆಸರು ಎಡಗಡೆ, ಆರು ಲೆಕ್ಕ ಬಲಗಡೆ ಇಟ್ಟರೆ ಯಾವುದು ಯಾವುದಕ್ಕೆ ಅಂತ ಬೆರಳಿಟ್ಟು ಎಣಿಸಬೇಕಾಗುತ್ತದೆ. ಈ ಮೂರು ಜೋಡಿಗಳು ಒಂದನ್ನೊಂದು ಓದುವುದಿಲ್ಲ, ಮೂರಕ್ಕೂ ಬೇಕಾದದ್ದು ಭಾಗಲಬ್ಧ ಮಾತ್ರ, ಅದು ಮೊದಲೇ ಸಿದ್ಧ. ಹಾಗಾಗಿ ಜೋಡಿಗೊಂದು ಸಾಲು:

ಹಳೆ, ಹೊಸ = ಹೊಸ, ಹಳೆ - ಭಾಗಲಬ್ಧ * ಹೊಸ
ಸ0, ಸ1 = ಸ1, ಸ0 - ಭಾಗಲಬ್ಧ * ಸ1
ತ0, ತ1 = ತ1, ತ0 - ಭಾಗಲಬ್ಧ * ತ1

ಶುರುವಿಗೆ ಸ0 = 1, ಸ1 = 0, ತ0 = 0, ತ1 = 1. ಕೊನೆಗೆ ಸ0 -9, ತ0 47 ಆಗಬೇಕು. ತಾಳೆ ನೋಡಿ: 240 × (-9) + 46 × 47 = -2160 + 2162 = 2.

ಒಂದಕ್ಕೊಂದು ಕೊಂಡಿ ಇರುವ ವೇರಿಯೇಬಲ್‌ಗಳಷ್ಟೇ ಒಂದೇ ಸಾಲಿಗೆ ಬರಬೇಕು. ಸಂಬಂಧವೇ ಇಲ್ಲದ್ದನ್ನು ಸಾಲು ಉಳಿಸಲೆಂದು ಜೊತೆಗೆ ಕಟ್ಟಿದರೆ, ಓದುವವರು ಇಲ್ಲದ ಕೊಂಡಿ ಹುಡುಕುತ್ತಾ ಕೂರುತ್ತಾರೆ. (ಇದು ಹೆಚ್ಚುಕಮ್ಮಿ ಇಂಥ ಸಮೀಕರಣ ಬಿಡಿಸುವ ಆರ್ಯಭಟನ ಕುಟ್ಟಕ ವಿಧಾನವೇ. 499ರಲ್ಲಿ ಬರೆದವನಿಗೆ ಟ್ಯೂಪಲ್ (ಅಲ್ಪವಿರಾಮ ಹಾಕಿ ಜೋಡಿಸಿದ ಬೆಲೆಗಳ ಕಟ್ಟು) ಇರಲಿಲ್ಲ, ಬಳ್ಳಿಯಂತೆ ಒಂದರ ಕೆಳಗೊಂದು ಅಂಕಿ ಬರೆದು ಮಾಡುವ ಪದ್ಧತಿ ಅದು.)

#5 ಬೈಟೂ_ಕಾಫಿ

ವೇಗದ ಚಿಂತೆ ಇರುವವರಿಗೆ: ಎರಡು ಅಥವಾ ಮೂರು ಹೆಸರಿದ್ದಾಗ ಸಿಪೈಥಾನ್ (ನಾವೆಲ್ಲ ಸಾಮಾನ್ಯವಾಗಿ ಓಡಿಸುವ ಪೈಥಾನ್) ಟ್ಯೂಪಲ್ ಕಟ್ಟುವುದೇ ಇಲ್ಲ, ಸ್ಟ್ಯಾಕ್ ಮೇಲಿನ ಬೆಲೆಗಳನ್ನು ಅದಲುಬದಲು ಮಾಡುತ್ತದೆ. ನಾಲ್ಕಾದರೆ ಟ್ಯೂಪಲ್ ಕಟ್ಟಿ ಬಿಚ್ಚುತ್ತದೆ. ಪೈಥಾನ್ ಒಳಗಿನ ಹೆಜ್ಜೆಗಳನ್ನು ತೋರಿಸುವ ಡಿಸ್ ಮಾಡ್ಯೂಲ್ ಹಾಕಿದರೆ ಕಣ್ಣಿಗೇ ಕಾಣುತ್ತದೆ.

#6 ಹಂಪನಕಟ್ಟೆ_01

"ಬಲಗಡೆ ಮೊದಲು, ಎಡಗಡೆ ಆಮೇಲೆ" ಅಂತ ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ ಮಾರಾಯ್ರೆ. ಎಡಗಡೆಗೂ ಒಂದು ಕ್ರಮ ಉಂಟು. ಪೈಥಾನ್ ಎಡದಿಂದ ಬಲಕ್ಕೆ ಒಂದೊಂದೇ ತುಂಬುತ್ತಾ ಹೋಗುತ್ತದೆ. ಎಡಗಡೆಯ ಇಂಡೆಕ್ಸ್ ಲೆಕ್ಕ ಆಗುವುದು ಆಯಾ ಸ್ಥಾನದ ಸರದಿ ಬಂದಾಗ, ಮೊದಲೇ ಅಲ್ಲ.

1ರಿಂದ ಶುರುವಾಗುವ ಸಂಖ್ಯೆಗಳನ್ನು ಅವುಗಳ ಜಾಗಕ್ಕೆ ಕಳಿಸುವ ಈ ಸಾಲು ಸಂದರ್ಶನಗಳಲ್ಲಿ ಜನ ಬರೆದು ಕೈಸುಟ್ಟುಕೊಳ್ಳುವಂಥದ್ದು:

ಪಟ್ಟಿ[ಕ], ಪಟ್ಟಿ[ಪಟ್ಟಿ[ಕ] - 1] = ಪಟ್ಟಿ[ಪಟ್ಟಿ[ಕ] - 1], ಪಟ್ಟಿ[ಕ]

ಪಟ್ಟಿ = [3, 1, 2], ಕ = 0 ಎಂದಿಟ್ಟುಕೊಳ್ಳಿ. ಬಲಗಡೆ ಲೆಕ್ಕ ಆದಾಗ (2, 3). ಸರಿ. ಈಗ ಪಟ್ಟಿ[0]ಕ್ಕೆ 2 ಹೋಯಿತು. ಎರಡನೆಯದರ ಇಂಡೆಕ್ಸ್ ಹುಡುಕುವಾಗ ಪಟ್ಟಿ[0] ಆಗಲೇ 2, ಅಂದರೆ 3 ಹೋಗಬೇಕಾದ್ದು ಪಟ್ಟಿ[2]ಕ್ಕೆ, ಹೋಗಿ ಬೀಳುವುದು ಪಟ್ಟಿ[1]ರಲ್ಲಿ. ಕೊನೆಗೆ [2, 3, 2]. 1 ಕಾಣೆ, 2 ಎರಡು ಸಲ. ಎಡಗಡೆಯ ಎರಡನ್ನೂ, ಅದಕ್ಕೆ ತಕ್ಕ ಹಾಗೆ ಬಲಗಡೆಯನ್ನೂ ತಿರುಗಿಸಿ ಬರೆದರೆ [2, 1, 3], ಅದು ಸರಿ. ಇನ್ನೂ ಒಳ್ಳೆಯದು: ಗುರಿ = ಪಟ್ಟಿ[ಕ] - 1 ಅಂತ ಮೊದಲೇ ಒಂದು ಹೆಸರಿಗೆ ಹಾಕಿಟ್ಟು, ಆಮೇಲೆ ಪಟ್ಟಿ[ಕ], ಪಟ್ಟಿ[ಗುರಿ] ಅದಲುಬದಲು ಮಾಡಿ. ಆಗ ಕ್ರಮದ ತಲೆಬಿಸಿಯೇ ಇಲ್ಲ.

#7 ತುಂಗಾತೀರ

#6 ಹೇಳಿದ್ದೇ ಲಿಂಕ್ಡ್ ಲಿಸ್ಟ್ (ಪ್ರತಿ ಗಂಟೂ ಮುಂದಿನದನ್ನು ತೋರಿಸುವ ಸರಪಳಿ) ತಿರುಗಿಸುವಾಗಲೂ ಕಚ್ಚುತ್ತದೆ. ತಪ್ಪು ಸಾಲು:

ಹಿಂದಿನ, ಈಗಿನ, ಈಗಿನ.ಮುಂದೆ = ಈಗಿನ, ಈಗಿನ.ಮುಂದೆ, ಹಿಂದಿನ

ಮೂರನೆಯದರ ಸರದಿ ಬರುವಷ್ಟರಲ್ಲಿ ಈಗಿನ ಎಂಬುದು ಮುಂದಿನ ಗಂಟಿಗೆ ದಾಟಿಬಿಟ್ಟಿರುತ್ತದೆ. ಮೂರು ಗಂಟಿನ ಸರಪಳಿಯಲ್ಲಿ ಮೊದಲ ಸುತ್ತಿಗೇ ಎರಡನೇ ಗಂಟಿನ ಕೊಂಡಿ ಕಳಚಿ ಮೂರನೆಯದು ಕೈತಪ್ಪುತ್ತದೆ. ಎರಡನೇ ಸುತ್ತಿಗೆ ಈಗಿನ ಖಾಲಿ, ಖಾಲಿಯ ಮೇಲೆ 'ಮುಂದೆ' ಇಡಲು ಹೋಗಿ ಆಟ್ರಿಬ್ಯೂಟ್ ಎರರ್. ಸರಿಯಾದದ್ದು:

ಈಗಿನ.ಮುಂದೆ, ಹಿಂದಿನ, ಈಗಿನ = ಹಿಂದಿನ, ಈಗಿನ, ಈಗಿನ.ಮುಂದೆ

ಯಾವ ಹೆಸರನ್ನು ಹಿಡಿದು ಒಳಗೆ ಹೋಗುತ್ತೀರೋ (ಇಲ್ಲಿ ಈಗಿನ) ಆ ಹೆಸರು ಎಡಗಡೆ ಕೊನೆಯಲ್ಲಿರಲಿ.

#8 ಕರಿಮಣ್ಣು

ಇದು ಪೈಥಾನ್ ಮಾತು ಆತ್ರಿ. ಗೋ ಭಾಷೆಯೊಳಗ ಹಂಗಿಲ್ಲ. ಅಲ್ಲಿ ನಿಯಮ ಎರಡು ಹಂತದ್ದು: ಮೊದಲ ಹಂತದಾಗ ಬಲಗಡೆಯ ಲೆಕ್ಕದ ಜೋಡಿ ಎಡಗಡೆಯ ಇಂಡೆಕ್ಸು, ಪಾಯಿಂಟರು ಎಲ್ಲಾ ಗಟ್ಟಿ ಆಗತಾವ. ಬೆಲೆ ತುಂಬೋದು ಎರಡನೇ ಹಂತ. ಹಂಗಾಗಿ #6, #7ರ ತಪ್ಪು ಸಾಲುಗಳು ಗೋದಾಗ ಸರಿಯಾಗೇ ಓಡತಾವ. ಲೂವಾದಾಗೂ ಹಂಗ, ಒಂದು ವೇರಿಯೇಬಲ್‌ನ ಓದೋದು, ಬರಿಯೋದು ಎರಡೂ ಒಂದೇ ಸಾಲಿನಾಗ ಇದ್ರ ಓದೋದಕ್ಕ ಹಳೇ ಬೆಲೆನೇ ಸಿಗತದ. ಆದ್ರ ತುಂಬೋ ಕ್ರಮ ಇಂಥಾದ್ದೇ ಅಂತ ಲೂವಾ ಮಾತು ಕೊಡಂಗಿಲ್ಲ.

ಗೋದಿಂದ ಪೈಥಾನ್‌ಗೆ ಕೋಡ್ ಎತ್ತಿ ಹಾಕೋರು ಇಲ್ಲೇ ಎಡವೋದು. ಸಾಲು ಅಕ್ಷರಕ್ಕಕ್ಷರ ಒಂದೇ, ಅರ್ಥ ಬ್ಯಾರೆ.

ಇನ್ನೊಂದು. ಗೋದಾಗ := (ಘೋಷಿಸಿ ಬೆಲೆ ತುಂಬೋ ಚಿಹ್ನೆ) ಬರದ್ರ ಎಡಗಡೆ ಒಂದಾದ್ರೂ ಹೊಸಾ ಹೆಸರು ಇರಬೇಕು. ಅದನ್ನ ಒಳಗಿನ ಬ್ಲಾಕಿನಾಗ ಬರದ್ರ ಹೊರಗಿನ ವೇರಿಯೇಬಲ್ ಬದಲಾಗಂಗಿಲ್ಲ, ಅದೇ ಹೆಸರಿನ ಹೊಸದೊಂದು ಹುಟ್ಟತದ. ಎರಡರಾಗ ಒಂದು ಹೊಸದು, ಒಂದು ಹಳೇದು ಬೇಕಾದ್ರ ಹೊಸದನ್ನ ಮೊದಲು ಬ್ಯಾರೆ ಘೋಷಿಸಿ, ಆಮ್ಯಾಲೆ ಬರೇ = ಹಾಕ್ರಿ.

#9 ಬೈಟೂ_ಕಾಫಿ

ಗೋದಲ್ಲಿ ಕನ್ನಡದ ಹೆಸರು ಇಡಲು ಹೋಗಬೇಡಿ ಮಾತ್ರ. ಅದು ಹೆಸರಿನಲ್ಲಿ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಒಪ್ಪುತ್ತದೆ, ನಮ್ಮ ಗುಣಿತ ಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ ಆ ಲೆಕ್ಕಕ್ಕೆ ಸೇರುವುದಿಲ್ಲ. 'ಅಗಲ' ನಡೆಯುತ್ತದೆ, 'ಪಟ್ಟಿ' ನಡೆಯುವುದಿಲ್ಲ.

#10 ಅರ್ಧವಿರಾಮ

ಸಿ ಭಾಷೆಯಲ್ಲಿ ಇದನ್ನು ಬರೆದವರನ್ನು ಕಂಪೈಲರ್ ತಡೆಯುವುದಿಲ್ಲ ಎಂಬುದೇ ಅಪಾಯ:

ಹಳೆ, ಹೊಸ = ಹೊಸ, ಹಳೆ;

ಸಿ ಇದನ್ನು ಓದುವ ಬಗೆ: ಹಳೆಯ ಬೆಲೆ ನೋಡಿ ಬಿಸಾಡು, ಹೊಸಕ್ಕೆ ಹೊಸವನ್ನೇ ಹಾಕು, ಹಳೆಯ ಬೆಲೆ ಮತ್ತೆ ನೋಡಿ ಬಿಸಾಡು. ಅಲ್ಪವಿರಾಮ ಅಲ್ಲಿ ಒಂದು ಆಪರೇಟರ್, = ಗಿಂತ ಅದಕ್ಕೆ ಆದ್ಯತೆ ಕಡಿಮೆ. ಏನೂ ಬದಲಾಗುವುದಿಲ್ಲ. ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿದ್ದರೆ ಎಡಗಡೆಯದು ವ್ಯರ್ಥ ಎಂಬ ಒಂದು ಸಾಲು ಕಾಣುತ್ತದೆ, ಇಲ್ಲದಿದ್ದರೆ ಅದೂ ಕಾಣದಿರಬಹುದು.

ಜಾವಾಸ್ಕ್ರಿಪ್ಟ್‌ನಲ್ಲಿ 2015ರ ಆವೃತ್ತಿಯಿಂದ ಚೌಕ ಕಂಸ ಹಾಕಿ ಬರೆಯಬಹುದು. ಅಲ್ಲಿ ಹಿಂದಿನ ಸಾಲಿನ ಅರ್ಧವಿರಾಮ ಮರೆತರೆ ಹೀಗಾಗುತ್ತದೆ:

ನಕಲು = ಹೊಸ
[ಹಳೆ, ಹೊಸ] = [ಹೊಸ, ಹಳೆ]

ಎರಡೂ ಸಾಲು ಸೇರಿ ಒಂದೇ ಆಗಿ, ಕೆಳಗಿನ ಕಂಸ ಮೇಲಿನ ಹೊಸದ ಇಂಡೆಕ್ಸ್ ಆಗಿಬಿಡುತ್ತದೆ. ಬೆಲೆಗಳು ಬರೀ ಸಂಖ್ಯೆಗಳಾದರೆ ಅದಲುಬದಲು ಆಗುವುದೇ ಇಲ್ಲ, ನಕಲು ಎಂಬುದರಲ್ಲಿ ಸಂಖ್ಯೆಯ ಬದಲು ಎರಡು ಬೆಲೆಯ ಅರೇ ಕೂತಿರುತ್ತದೆ. ಸ್ಟ್ರಿಕ್ಟ್ ಮೋಡ್ ಇದ್ದರೆ ಟೈಪ್ ಎರರ್ ಬಂದು ಬಚಾವ್. ಎಡಗಡೆಯ ಕ್ರಮದ ವಿಷಯದಲ್ಲಿ ಜಾವಾಸ್ಕ್ರಿಪ್ಟ್ ಪೈಥಾನ್ ಪಂಗಡದ್ದು, ಗೋ ಪಂಗಡದ್ದಲ್ಲ. #6ರ ತಪ್ಪು ಅಲ್ಲೂ ತಪ್ಪೇ.

#11 ಹೊಸಗಣಕ

ಸಿ, ಜಾವಾದಲ್ಲಿ ಈ ಸೌಲಭ್ಯವೇ ಇಲ್ಲ ಅಂದರೆ ಎಷ್ಟು ತಾತ್ಕಾಲಿಕ ವೇರಿಯೇಬಲ್ ಬೇಕು? ಎಲ್ಲಕ್ಕೂ ಒಂದೊಂದು ನಕಲಾ? ಎಕ್ಸಾರ್ (XOR, ಬಿಟ್ ಮಟ್ಟದ ಲೆಕ್ಕ) ಮಾಡಿದರೆ ಒಂದೂ ಬೇಡ ಅಂತ ಓದಿದ್ದೆ.

#12 ತುಂಗಾತೀರ

ಎಲ್ಲಕ್ಕೂ ಬೇಡ. ಹೀಗೆ ಮಾಡಿ. ಪ್ರತಿ ವೇರಿಯೇಬಲ್‌ಗೆ ಒಂದು ಚುಕ್ಕಿ ಇಡಿ. ಹೊಸ ಬೆಲೆಗೆ ಯಾರ ಹಳೇ ಬೆಲೆ ಬೇಕೋ ಅವರ ಕಡೆಗೆ ಬಾಣ ಎಳೆಯಿರಿ (ತನ್ನನ್ನೇ ಓದುವ ಬಾಣ ಬಿಟ್ಟುಬಿಡಿ). ಯಾವ ಚುಕ್ಕಿಯ ಕಡೆಗೆ ಒಂದೂ ಬಾಣ ಬರುತ್ತಿಲ್ಲವೋ ಅದನ್ನು ಈಗಲೇ ಬದಲಿಸಬಹುದು, ಅದರ ಹಳೇ ಬೆಲೆ ಯಾರಿಗೂ ಬೇಡ. ಬದಲಿಸಿದ ಮೇಲೆ ಅದರಿಂದ ಹೊರಟ ಬಾಣಗಳನ್ನು ಅಳಿಸಿ, ಮತ್ತೆ ಹುಡುಕಿ. ಒಂದು ಹಂತದಲ್ಲಿ ಅಂಥ ಚುಕ್ಕಿ ಸಿಗದೆ ಸಿಕ್ಕಿಕೊಂಡರೆ ಅಲ್ಲೊಂದು ಸುತ್ತು ಇದೆ ಎಂದರ್ಥ. ಸುತ್ತಿನ ಒಂದು ಬೆಲೆಯನ್ನು ತಾತ್ಕಾಲಿಕಕ್ಕೆ ಎತ್ತಿಟ್ಟು, ಅದನ್ನು ಓದುವವರೆಲ್ಲ ಇನ್ನು ತಾತ್ಕಾಲಿಕವನ್ನೇ ಓದುವಂತೆ ಮಾಡಿದರೆ ಸುತ್ತು ಬಿಚ್ಚುತ್ತದೆ.

ನಿಮ್ಮ ಲೆಕ್ಕದಲ್ಲಿ ಮೂರು ಪುಟ್ಟ ಸುತ್ತುಗಳು. ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕುವುದರಿಂದ ಅದೇ ಒಂದು ತಾತ್ಕಾಲಿಕ ಮೂರಕ್ಕೂ ಸಾಕು:

ಇಡು = ಹಳೆ - ಭಾಗಲಬ್ಧ * ಹೊಸ;
ಹಳೆ = ಹೊಸ;
ಹೊಸ = ಇಡು;

ಕಂಪೈಲರ್‌ಗಳು ರಿಜಿಸ್ಟರ್‌ಗಳ ನಡುವೆ ಬೆಲೆ ಸಾಗಿಸುವಾಗ ಇದೇ ಕೆಲಸ ಮಾಡುತ್ತವೆ.

ಎಕ್ಸಾರ್ ಬಿಡಿ. ಅದು ಅದಲುಬದಲಿಗೆ ಮಾತ್ರ, ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಅರೇಯ ಎರಡು ಇಂಡೆಕ್ಸ್‌ಗಳು ಒಂದೇ ಆಗಿಬಿಟ್ಟರೆ ತನ್ನನ್ನು ತಾನೇ ಎಕ್ಸಾರ್ ಮಾಡಿ ಸೊನ್ನೆ ಉಳಿಯುತ್ತದೆ. ಎಕ್ಸಾರ್‌ನ ಮೂರು ಹೆಜ್ಜೆಗಳನ್ನೂ ಒಂದೇ ಸಾಲಿಗೆ ತುರುಕುವ ಪ್ರಸಿದ್ಧ ರೂಪಕ್ಕಂತೂ ಸಿಯಲ್ಲಿ ಇಂಥದೇ ಅರ್ಥ ಎಂಬ ಖಾತ್ರಿಯಿಲ್ಲ.

#13 ಗಣಕಪ್ರಿಯ

ನಂಪೈ (ಪೈಥಾನ್‌ನಲ್ಲಿ ಅರೇ ಲೆಕ್ಕದ ಲೈಬ್ರರಿ) ಬಳಸುವವರಿಗೆ ಬೇರೆಯದೇ ಗುಂಡಿ ಇದೆ.

ಕೋಷ್ಟಕ[0], ಕೋಷ್ಟಕ[1] = ಕೋಷ್ಟಕ[1], ಕೋಷ್ಟಕ[0]

ಕೋಷ್ಟಕ ಎಂಬುದು ಮಾಮೂಲಿ ಲಿಸ್ಟ್‌ಗಳ ಲಿಸ್ಟ್ ಆದರೆ ಸಾಲುಗಳು ಅದಲುಬದಲಾಗುತ್ತವೆ. ನಂಪೈ ಅರೇ ಆದರೆ [1, 2], [3, 4] ಇದ್ದದ್ದು [3, 4], [3, 4] ಆಗುತ್ತದೆ. ಬಲಗಡೆ ಮೊದಲೇ ಲೆಕ್ಕವಾಗಿದ್ದು ನಿಜ, ಆದರೆ ಸಿಕ್ಕಿದ್ದು ಬೆಲೆಗಳ ನಕಲು ಅಲ್ಲ, ಅದೇ ಮೆಮೊರಿಯ ಮೇಲಿನ ಕಿಟಕಿ. ಮೊದಲ ಸಾಲಿನ ಮೇಲೆ ಬರೆದ ಕೂಡಲೇ ಆ ಕಿಟಕಿಯಲ್ಲೂ ಹೊಸದೇ ಕಾಣುತ್ತದೆ. ಪರಿಹಾರ:

ಕೋಷ್ಟಕ[[0, 1]] = ಕೋಷ್ಟಕ[[1, 0]]

ಇಂಡೆಕ್ಸ್ ಜಾಗದಲ್ಲಿ ಲಿಸ್ಟ್ ಕೊಟ್ಟರೆ ನಂಪೈ ನಕಲು ತೆಗೆಯುತ್ತದೆ. ಒಂದೇ ಆಯಾಮದ ಅರೇಯಲ್ಲಿ ಬಿಡಿ ಸಂಖ್ಯೆಗಳನ್ನು ಅದಲುಬದಲು ಮಾಡಿದರೆ ತೊಂದರೆಯಿಲ್ಲ, ಪರೀಕ್ಷೆಗಳಲ್ಲಿ ಈ ಬಗ್ ತಪ್ಪಿಸಿಕೊಳ್ಳುವುದೂ ಅದಕ್ಕೇ. ಪಾಂಡಾಸ್‌ನಲ್ಲಿ ಲೋಕ್ (loc, ಹೆಸರು ಹಿಡಿದು ಆರಿಸುವ ಸೌಲಭ್ಯ) ಬಳಸಿ ಎರಡು ಕಾಲಂ ಅದಲುಬದಲು ಮಾಡಿದರೆ ಕಾಲಂ ಹೆಸರು ಹೊಂದಿಸಿಕೊಂಡು ಇದ್ದದ್ದು ಇದ್ದಲ್ಲೇ ಕೂರುತ್ತದೆ. ಬಲಗಡೆಯನ್ನು ನಂಪೈ ಅರೇ ಮಾಡಿ ಕೊಡಿ.

#14 ಹಂಪನಕಟ್ಟೆ_01

ಡೇಟಾಬೇಸ್ ಕೂಡ ಈ ಪಟ್ಟಿಗೆ ಸೇರಬೇಕು. ಅಪ್‌ಡೇಟ್ ಆಜ್ಞೆಯಲ್ಲಿ "ಹಳೆ_ದರ = ಹೊಸ_ದರ, ಹೊಸ_ದರ = ಹಳೆ_ದರ" ಅಂತ ಬರೆದಿದ್ದೀರಿ, ಸಾಲಿನಲ್ಲಿ 40 ಮತ್ತು 45 ಉಂಟು ಅಂತಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ 45, 40 ಆಗುತ್ತದೆ, ಎಸ್‌ಕ್ಯೂಎಲ್ ಮಾನದಂಡ ಹೇಳುವುದೂ ಅದನ್ನೇ. ಮೈಎಸ್‌ಕ್ಯೂಎಲ್ ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತದೆ, ಸಿಗುವುದು 45, 45. ನಲವತ್ತು ಹೋಯಿತು, ಬ್ಯಾಕಪ್ ಇಲ್ಲದಿದ್ದರೆ ಹೋದದ್ದು ಹೋದ ಹಾಗೆ. ಅಲ್ಲಿ ಟೇಬಲ್ ಅನ್ನು ಪ್ರೈಮರಿ ಕೀ ಮೇಲೆ ತನಗೇ ಜಾಯಿನ್ ಮಾಡಿ: ಬರೆಯುವುದೆಲ್ಲ ಒಂದನೇ ಪ್ರತಿಗೆ, ಓದುವುದೆಲ್ಲ ಎರಡನೇ ಪ್ರತಿಯಿಂದ. ಟ್ರಾನ್ಸಾಕ್ಷನ್ ಒಳಗೇ ಓಡಿಸಿ, ಹತ್ತು ಸಾಲು ಕಣ್ಣಲ್ಲಿ ನೋಡಿ, ಆಮೇಲೆ ಕಮಿಟ್.

#15 ಹೊಸಗಣಕ

ಎರಡು ಸಣ್ಣ ಪ್ರಶ್ನೆ. ಒಂದು, ಹಳೆ, ಹೊಸ += 1, 2 ಯಾಕೆ ಆಗುವುದಿಲ್ಲ? ಎರಡು, ಶುರುವಿನಲ್ಲಿ ಅ = ಆ = [] ಅಂತ ಬರೆದರೆ ಆಗುತ್ತದಾ?

#16 ಅರ್ಧವಿರಾಮ

ಒಂದನೆಯದು ಸಿಂಟ್ಯಾಕ್ಸ್ ಎರರ್. += ಎಡಗಡೆ ಒಂದೇ ಗುರಿ ಇರಬೇಕು, ಟ್ಯೂಪಲ್ ಒಪ್ಪುವುದಿಲ್ಲ. ಎರಡು ಸಾಲಿನಲ್ಲಿ ಬರೆಯಿರಿ.

ಎರಡನೆಯದು ಓಡುತ್ತದೆ, ಅದೇ ಸಮಸ್ಯೆ. ಲಿಸ್ಟ್ ಒಂದೇ, ಹೆಸರು ಎರಡು. 'ಅ'ಗೆ ಸೇರಿಸಿದ್ದು 'ಆ'ದಲ್ಲೂ ಕಾಣುತ್ತದೆ. ಅ, ಆ = [], [] ಎಂದು ಬರೆಯಿರಿ. ಸಂಖ್ಯೆಗೆ ಅ = ಆ = 0 ಎಂದರೆ ಏನೂ ತೊಂದರೆಯಿಲ್ಲ, ಸಂಖ್ಯೆ ತಾನಾಗಿ ಬದಲಾಗುವ ವಸ್ತುವಲ್ಲ.

#17 ಬೈಟೂ_ಕಾಫಿ

"ಒಟ್ಟಿಗೆ" ಎಂಬ ಮಾತನ್ನು ಥ್ರೆಡ್‌ಗಳ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸಗಳ) ಅರ್ಥದಲ್ಲಿ ನಂಬಬೇಡಿ. ಹಳೆ ತುಂಬಿದ ಮೇಲೆ, ಹೊಸ ತುಂಬುವ ಮೊದಲು ಇನ್ನೊಂದು ಥ್ರೆಡ್ ನುಸುಳಿ ಅರೆಬರೆ ಜೋಡಿ ಓದಬಹುದು. ಲಾಕ್ ಹಾಕಿ. ಇಲ್ಲವೇ ಎರಡನ್ನೂ ಟ್ಯೂಪಲ್ ಮಾಡಿ ಒಂದೇ ಹೆಸರಿಗೆ ಕೊಡಿ: ಸ್ಥಿತಿ = (ಹೊಸ, ಹಳೆ - ಭಾಗಲಬ್ಧ * ಹೊಸ). ಓದುವವರು ಸ್ಥಿತಿಯನ್ನು ಒಮ್ಮೆ ಎತ್ತಿಕೊಂಡು ಬಿಚ್ಚಿದರೆ ಹಳೇ ಜೋಡಿ ಪೂರ್ತಿ ಸಿಗುತ್ತದೆ, ಇಲ್ಲ ಹೊಸ ಜೋಡಿ ಪೂರ್ತಿ ಸಿಗುತ್ತದೆ. ಬರೆಯುವವರು ಒಬ್ಬರಿಗಿಂತ ಹೆಚ್ಚಿದ್ದರೆ ಲಾಕ್ ಬೇಕೇ ಬೇಕು.

#18 ಕರಿಮಣ್ಣು

ಎಲ್ಲಾರೂ ಒಟ್ಟಿಗೆ ಬದಲಿಸ್ರಿ ಅಂತೀರಿ. ಒಟ್ಟಿಗೆ ಬದಲಿಸಿದ್ರನ ಕೆಡೋ ಲೆಕ್ಕಾನೂ ಅದಾವ. ಸ್ಪ್ರಿಂಗಿಗೆ ಕಟ್ಟಿದ ಗುಂಡು ತಗೋರಿ, ಸ್ಥಾನ ಮತ್ತ ವೇಗ:

ಸ್ಥಾನ, ವೇಗ = ಸ್ಥಾನ + ವೇಗ * 0.1, ವೇಗ - ಸ್ಥಾನ * 0.1

ಒಂದೊಂದು ಹೆಜ್ಜೆಗೂ ಸ್ಥಾನದ ವರ್ಗ, ವೇಗದ ವರ್ಗ ಎರಡರ ಮೊತ್ತ ಕರಾರುವಾಕ್ಕಾಗಿ 1.01 ಪಟ್ಟು ಬೆಳೀತದ. 1000 ಹೆಜ್ಜೆಗೆ ಸುಮಾರು 21,000 ಪಟ್ಟು. ತೂಗಾಟದ ಅಗಲ ಸುಮಾರು 145 ಪಟ್ಟು. ಗುಂಡು ಪರದೆ ಬಿಟ್ಟ ಹೊರಗ ಹೋಗತದ. ಅದನ್ನ ಬೇಕಂತ ಒಂದಾದ ಮ್ಯಾಲೊಂದು ಬರೀರಿ:

ವೇಗ = ವೇಗ - ಸ್ಥಾನ * 0.1
ಸ್ಥಾನ = ಸ್ಥಾನ + ವೇಗ * 0.1

ಎರಡನೇ ಸಾಲು ಹೊಸಾ ವೇಗ ಓದತದ. ಈಗ ಎಷ್ಟು ಸಾವಿರ ಹೆಜ್ಜೆ ಇಟ್ಟರೂ ತೂಗಾಟ ಮಿತಿಯೊಳಗ ಇರತದ. ಗೇಮ್ ಎಂಜಿನ್ ಬರಿಯೋರು ಈ ಎರಡನೇದನ್ನ ಬಳಸೋದು ಅದಕ್ಕ.

#19 ತುಂಗಾತೀರ

ಒಪ್ಪಿದೆ. ಆದರೆ ಆ ಎರಡು ಸಾಲಿನ ಮೇಲೆ "ಕ್ರಮ ಬೇಕೆಂದೇ ಹೀಗಿದೆ" ಎಂದು ಕಾಮೆಂಟ್ ಹಾಕಿಡಿ. ಇಲ್ಲದಿದ್ದರೆ ಈ ಥ್ರೆಡ್ ಓದಿದವರೇ ಯಾರಾದರೂ ಬಂದು ಒಂದೇ ಸಾಲಿಗೆ 'ಸರಿಪಡಿಸಿ' ಹೋಗುತ್ತಾರೆ.

#20 ಹೊಸಗಣಕ

240, 46 ಸರಿ ಬಂತು. 3120, 17 ಕೊಟ್ಟು ನೋಡಿದೆ. 17ರ ವಿಲೋಮ (17ರಿಂದ ಗುಣಿಸಿ 3120ರಿಂದ ಭಾಗಿಸಿದರೆ ಶೇಷ 1 ಬರುವ ಸಂಖ್ಯೆ) 2753 ಎಂದು ಪುಸ್ತಕದಲ್ಲಿದೆ, ನನಗೆ ತ0 -367 ಬರುತ್ತಿದೆ. ಮತ್ತೆ ಕ್ರಮ ತಪ್ಪಿತಾ?

#21 ತುಂಗಾತೀರ

ಇಲ್ಲ, ಎರಡೂ ಒಂದೇ. -367 + 3120 = 2753. ಕೊನೆಯಲ್ಲಿ ತ0 % 3120 ಮಾಡಿ, ಪೈಥಾನ್ ಧನ ಸಂಖ್ಯೆಯನ್ನೇ ಕೊಡುತ್ತದೆ. ಸಿ ಅಥವಾ ಜಾವಾದಲ್ಲಿ % ಮಾಡಿದರೂ -367 ಆಗೇ ಉಳಿಯುತ್ತದೆ, ಅಲ್ಲಿ ಋಣ ಬಂದರೆ 3120 ಕೂಡಿಸಿ. ತಾಳೆಗೆ: 17 × 2753 = 46801, ಅದು 15 × 3120ಕ್ಕಿಂತ 1 ಹೆಚ್ಚು.